ಲಿವರ್ 'ಪಿ'ಯಲ್ಲಿದೆ; ಗಾಡಿಯೂ 'ಪಿ'ಯಲ್ಲಿದೆಯೇ?

ಕುರಕುಂಭ (ಪುಣೆ): ಸೋಲಾಪುರ ಹೆದ್ದಾರಿ ಹಿಡಿದು ವಿಜಯಪುರ, ಕಲಬುರಗಿ ಕಡೆಯ ಊರಿಗೆ ಹೊರಡುವ ಪುಣೆ ಕನ್ನಡಿಗರಿಗೆ ಕುರಕುಂಭ ಹೊಸ ಹೆಸರೇನಲ್ಲ. ಪುಣೆಯಿಂದ ಸುಮಾರು 80 ಕಿ.ಮೀ., ಎಂಐಡಿಸಿಯ ರಾಸಾಯನಿಕ ಕಾರ್ಖಾನೆಗಳ ಊರು. ಇಂತಹ ಕಡೆ ಚಹಾ ಕುಡಿದು ಮತ್ತೆ ಹೊರಡುವಾಗ ಆಟೋಮ್ಯಾಟಿಕ್ ಕಾರಿನ ಲಿವರ್ 'ಪಿ'ಯಿಂದ ಅಲುಗದೇ ಹೋದರೆ ಮನೆಮಂದಿಯೆಲ್ಲ ಬಿಸಿಲಲ್ಲಿ ನಿಲ್ಲಬೇಕಾಗುತ್ತದೆ.

ಗೇರ್‌ಬಾಕ್ಸೇ ಹೋಯಿತೆಂದು ಗಾಬರಿಯಾಗಬೇಕಿಲ್ಲ. ಬ್ರೇಕ್ ತುಳಿದಾಗ ಹಿಂದಿನ ಕೆಂಪು ದೀಪ ಉರಿಯುತ್ತದೆಯೇ ಎಂದು ಮೊದಲು ನೋಡಬೇಕು. ಹೆಚ್ಚಿನ ಗಾಡಿಗಳಲ್ಲಿ ಬ್ರೇಕಿನ ಸ್ವಿಚ್ ಸೂಚನೆ ಕೊಟ್ಟರೆ ಮಾತ್ರ ಲಿವರಿನ ಬೀಗ ಬಿಡುತ್ತದೆ. ದೀಪವೂ ಇಲ್ಲ, ಲಿವರೂ ಬಾರದು ಎಂದರೆ ಆ ಸ್ವಿಚ್ ಅಥವಾ ಫ್ಯೂಸ್ ಮೇಲೆಯೇ ಅನುಮಾನ. ಅದು ಸಣ್ಣ ರಿಪೇರಿ.

ನಿಜವಾಗಿ ಹೆದರಬೇಕಾದದ್ದು ಸಲೀಸಾಗಿ ಆಡುವ ಲಿವರಿಗೆ. ಲಿವರಿನಿಂದ ಗೇರ್‌ಬಾಕ್ಸಿಗೆ ಹೋಗುವ ಕೇಬಲ್ಲಿನ ತುದಿಯಲ್ಲಿ ಒಂದು ಪುಟ್ಟ ಬುಷ್ ಇರುತ್ತದೆ. ಅದು ಸವೆದರೆ ಅಥವಾ ಕಳಚಿದರೆ ಲಿವರ್ 'ಪಿ' ತೋರಿಸುತ್ತದೆ, ಗಾಡಿ ಮಾತ್ರ ಬೇರೆ ಗೇರಿನಲ್ಲೇ ಉಳಿದಿರುತ್ತದೆ. ಚಾಲಕ ಇಳಿದು ಬಾಗಿಲು ಹಾಕುವಷ್ಟರಲ್ಲಿ ಗಾಡಿ ಉರುಳತೊಡಗಬಹುದು. ಹಿಂದೆ ಮಕ್ಕಳು ನಿಂತಿದ್ದರೆ? ಇದೇ ಬುಷ್ಷಿನ ದೋಷಕ್ಕಾಗಿ ಫೋರ್ಡ್ ಕಂಪನಿ 2022ರಲ್ಲಿ ಅಮೆರಿಕದಲ್ಲಿ ಸುಮಾರು 29 ಲಕ್ಷ ವಾಹನಗಳನ್ನು ವಾಪಸು ಕರೆಸಿತ್ತು.

ಮುನ್ಸೂಚನೆ ಇಲ್ಲದಿಲ್ಲ. ಲಿವರ್ ಸಡಿಲವಾಗುವುದು, ಹಾಕಿದ ಗೇರೇ ಬೇರೆ, ಮೀಟರಿನಲ್ಲಿ ಕಾಣುವ ಅಕ್ಷರವೇ ಬೇರೆಯಾಗುವುದು, 'ಎನ್'ನಲ್ಲಿ ಸ್ಟಾರ್ಟ್ ಆಗುವ ಗಾಡಿ 'ಪಿ'ಯಲ್ಲಿ ಆಗದಿರುವುದು, 'ಪಿ'ಗೆ ಹಾಕಿದರೂ ಕೀ ಹೊರಬಾರದಿರುವುದು. ಇವುಗಳಲ್ಲಿ ಯಾವುದೇ ಒಂದು ಕಂಡರೂ ಊರಿನ ಪ್ರಯಾಣಕ್ಕೆ ಮೊದಲೇ ಮೆಕ್ಯಾನಿಕ್‌ಗೆ ತೋರಿಸುವುದು ಲೇಸು. "ನಡೀತದೆ ಬಿಡಿ" ಎನ್ನುವ ಜಾಯಮಾನ ಇಲ್ಲಿ ಬೇಡ.

ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿಯ ಲಿವರ್ 'ಧಡ್' ಎಂದು ಬಿಡಿಸಿಕೊಂಡರೆ ಅದು ಬೇರೆ ವಿಷಯ. ಗಾಡಿಯ ಭಾರವೆಲ್ಲ ಗೇರ್‌ಬಾಕ್ಸ್ ಒಳಗಿನ ಸಣ್ಣ ಕೊಂಡಿಯ ಮೇಲೆ ಬಿದ್ದಿರುತ್ತದೆ. ಕಾಲಿನ ಬ್ರೇಕ್ ಒತ್ತಿಕೊಂಡೇ ಮೊದಲು ಹ್ಯಾಂಡ್‌ಬ್ರೇಕ್ ಎಳೆದು, ಆಮೇಲೆ 'ಪಿ'ಗೆ ಹಾಕಿದರೆ ಆ ಭಾರ ತಪ್ಪುತ್ತದೆ.

2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ನಮ್ಮಲ್ಲಿ ಜನಪ್ರಿಯವಾದ ಎಎಂಟಿ ಗಾಡಿಗಳ ಕತೆ ಇನ್ನೊಂದು. ಅವುಗಳಲ್ಲಿ ಹೆಚ್ಚಿನವಕ್ಕೆ 'ಪಿ' ಎಂಬುದೇ ಇಲ್ಲ. 'ಎನ್'ನಲ್ಲಿ ಬಿಟ್ಟು ಇಳಿದರೆ ಗಾಡಿಯನ್ನು ಹಿಡಿದಿಡುವುದು ಹ್ಯಾಂಡ್‌ಬ್ರೇಕ್ ಒಂದೇ. ಮನೆಯಲ್ಲಿ ಎರಡು ಬಗೆಯ ಗಾಡಿಯಿದ್ದು, ಊರಿಂದ ಬಂದ ಭಾವನಿಗೋ ಅಳಿಯನಿಗೋ ಕೀ ಕೊಡುವವರು ಇದನ್ನು ಬಾಯಿಬಿಟ್ಟು ಹೇಳಿಯೇ ಕೊಡಬೇಕು.

ದಾರಿಯಲ್ಲೇ ಗಾಡಿ ಕೈಕೊಟ್ಟರೆ ಹಗ್ಗ ಕಟ್ಟಿ ಎಳೆಯಲು ಬರುವ ಉಪಕಾರಿಗಳಿಗೆ ಕಡಿವಾಣ ಹಾಕಬೇಕು. ಚಕ್ರ ನೆಲದ ಮೇಲೆ ಉರುಳಿದರೆ ಸರಿಯಿದ್ದ ಗೇರ್‌ಬಾಕ್ಸೂ ಕೆಡುವ ಸಂಭವವಿದೆ. ನಾಲ್ಕೂ ಚಕ್ರ ಮೇಲೆತ್ತಿ ಒಯ್ಯುವ ಗಾಡಿಯನ್ನೇ ಕರೆಸಬೇಕು. ಅದು ಬರುವವರೆಗೆ ಹ್ಯಾಂಡ್‌ಬ್ರೇಕ್ ಎಳೆದು, ಚಕ್ರದಡಿಗೆ ಕಲ್ಲು ಇಟ್ಟು, ಮನೆಯವರನ್ನು ರಸ್ತೆಯಿಂದ ಆಚೆ ನಿಲ್ಲಿಸುವುದು ಕ್ಷೇಮ.