ಸಂಗೀತ ಪ್ಲೇಯರ್‌ಗಳ ಧ್ವನಿ: ಹೋಲಿಕೆಯ ಸರಿಯಾದ ಕ್ರಮ

ಕಾಫಿಯ ರುಚಿ ಪರೀಕ್ಷೆಯಲ್ಲಿ ತೋಟದ ಹೆಸರನ್ನು ಮರೆಮಾಡಿ ಮಾದರಿಗೆ ಸಂಕೇತ ಸಂಖ್ಯೆ ಕೊಡುತ್ತಾರೆ. ಪುಡಿಯ ತೂಕ, ನೀರಿನ ಅಳತೆ ಎಲ್ಲಕ್ಕೂ ಒಂದೇ. ಮೂಡಿಗೆರೆಯ ವರ್ತಕರು ಅರಿತಿರುವ ಈ ಶಿಸ್ತು ಹೈ-ರೆಸಲ್ಯೂಷನ್ ಸಂಗೀತ ಪ್ಲೇಯರ್‌ಗಳ ಮಾರಾಟಕ್ಕೂ ಅವಶ್ಯಕ.

ಸಿ.ಡಿ.ಯ ಧ್ವನಿಮುದ್ರಣ 16 ಬಿಟ್, 44.1 ಕಿಲೋಹರ್ಟ್ಸ್‌ನದು. ಮನುಷ್ಯನ ಶ್ರವಣಮಿತಿಯಾದ ಸುಮಾರು 20 ಕಿಲೋಹರ್ಟ್ಸ್‌ವರೆಗಿನ ನಾದಕ್ಕೆ ಇದು ಸಾಲುತ್ತದೆ. ಹೈ-ರೆಸಲ್ಯೂಷನ್ ಮುದ್ರಣಗಳು 24 ಬಿಟ್, 96 ಕಿಲೋಹರ್ಟ್ಸ್ ಇಲ್ಲವೇ ಅದಕ್ಕೂ ಮೇಲಿನವು. ಆದರೆ ಅಂಕಿ ಹಿಗ್ಗಿದಂತೆ ಕಿವಿಗೆ ತೋರುವ ಅಂತರ ಹಿಗ್ಗುವುದಿಲ್ಲ. 2007ರಲ್ಲಿ ಅಮೆರಿಕದ ಮೇಯರ್ ಮತ್ತು ಮೊರಾನ್ ಪ್ರಕಟಿಸಿದ ಪರೀಕ್ಷೆಯಲ್ಲಿ, ಯಾವುದು ಯಾವುದೆಂದು ತಿಳಿಸದಿದ್ದಾಗ, ಸಾಮಾನ್ಯ ಧ್ವನಿಮಟ್ಟದಲ್ಲಿ ಕೇಳುಗರು ಇವೆರಡನ್ನು ಬೇರ್ಪಡಿಸಲಾರದೆ ಹೋದರು. 2016ರಲ್ಲಿ ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿದ ಅಧ್ಯಯನವೊಂದು ಅಂತರವಿದೆ, ಆದರೆ ಅತ್ಯಲ್ಪ ಎಂದಿತು.

ತುಸು ಗಟ್ಟಿಯಾಗಿ ನುಡಿಯುವ ಪ್ಲೇಯರ್ ಉತ್ತಮವೆಂಬ ಭ್ರಮೆ ಸಹಜ. ಆದ್ದರಿಂದ ಪರೀಕ್ಷಾ ಸ್ವರವೊಂದನ್ನು ನುಡಿಸಿ, ಮಲ್ಟಿಮೀಟರಿನಿಂದ ಎರಡರ ವೋಲ್ಟೇಜನ್ನೂ ಸಮಗೊಳಿಸಬೇಕು. ಹಾಡು, ತಂತಿಯ ಹೆಡ್‌ಫೋನ್ ಒಂದೇ ಇರಲಿ. ಪ್ಲೇಯರ್‌ನ ಹೆಸರು ಕಾಣದಿರಲಿ. ಆಗಲೂ ಗ್ರಾಹಕರಿಗೆ ಅಂತರ ಕೇಳಿಸದಿದ್ದರೆ, ದುಬಾರಿ ಪ್ಲೇಯರ್‌ಗಿಂತ ಉತ್ತಮ ಹೆಡ್‌ಫೋನನ್ನು ಸೂಚಿಸುವುದೇ ಲೇಸು. ಸಣ್ಣ ಊರಿನ ವ್ಯಾಪಾರಕ್ಕೆ ನಂಬಿಕೆಯೇ ಬಂಡವಾಳವಷ್ಟೆ.