ಕಾಸಿಲ್ಲದೆ ಕಾಣುವ ನಾಡು

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಪ್ರವಾಸಕ್ಕೂ ಒಪ್ಪುತ್ತದೆ. ಬಾಗಲಕೋಟೆಯ ಸಂಸಾರಸ್ಥನು ವರ್ಷವಿಡೀ ಹಣ ಕೂಡಿಹಾಕಿ, ಬೇಸಗೆಯ ರಜೆಯಲ್ಲಿ ಮಡದಿಮಕ್ಕಳೊಡನೆ ಮೈಸೂರಿಗೋ ಊಟಿಗೋ ಹೋಗಿಬರುತ್ತಾನೆ. ಕಡಲಾಚೆಯ ದೇಶಗಳಿಂದ ಜನರು ಹುಡುಕಿಕೊಂಡು ಬರುವ ಬಾದಾಮಿ ಐಹೊಳೆಗಳು ಅವನಿಗೆ ಒಂದೆರಡು ತಾಸಿನ ದಾರಿ. ಆದರೂ ಅವನು ಅವುಗಳನ್ನು ಕಂಡಿರುವುದು ಶಾಲೆಯಲ್ಲಿದ್ದಾಗ ಒಮ್ಮೆ, ಮಾಸ್ತರರ ಬೆನ್ನ ಹಿಂದೆ ಓಡೋಡುತ್ತ. ಅಷ್ಟಕ್ಕೆ ನೋಡಿ ಮುಗಿಯಿತೆಂದು ಅವನ ನಂಬಿಕೆ.

ಬಾದಾಮಿಯ ಗುಹೆಗಳಿಗೆ, ಪಟ್ಟದಕಲ್ಲಿನ ದೇವಾಲಯಗಳಿಗೆ, ಐಹೊಳೆಯ ದುರ್ಗ ಗುಡಿಯ ಆವರಣಕ್ಕೆ ಟಿಕೇಟು ಉಂಟು. ಹಣ ಕೊಟ್ಟು ನೋಡಲು ಯೋಗ್ಯವಾದವೇ ಅವು. ಆದರೆ ಈ ಜಿಲ್ಲೆಯ ಚರಿತ್ರೆಯ ಅತ್ಯಂತ ರಸವತ್ತಾದ ಪುಟಗಳಲ್ಲಿ ಹಲವು ಟಿಕೇಟಿನ ಕಿಟಕಿಯ ಹೊರಗೇ ತೆರೆದುಕೊಂಡಿವೆ. ಅವುಗಳನ್ನು ಓದಲು ಕಾಸು ಬೇಡ. ಒಂದು ದಿನದ ಬಿಡುವು, ಕಾಲಲ್ಲಿ ಕಸುವು, ರೊಟ್ಟಿ ಶೇಂಗಾ ಚಟ್ನಿಯ ಬುತ್ತಿ ಇದ್ದರೆ ಸಾಕು.

ಬೀಸುಕಲ್ಲಿನ ಹಾಡಿಗೆ ಅಜ್ಜಿ

ಕೆಂಗಲ್ಲಿನ ಎರಡು ಬೆಟ್ಟಗಳ ತೋಳತೆಕ್ಕೆಯಲ್ಲಿ ಬಾದಾಮಿಯ ಅಗಸ್ತ್ಯತೀರ್ಥವಿದೆ. ಕ್ರಿ.ಶ. 543ರಲ್ಲಿ ಒಂದನೆಯ ಪುಲಕೇಶಿಯು ಈ ಬೆಟ್ಟದ ಮೇಲೆ ಕೋಟೆ ಕಟ್ಟಿಸಿದನು. ಕೆರೆಯ ಮೂಡಣ ತುದಿಯಲ್ಲಿ, ನೀರಿಗೆ ತನ್ನ ನೆರಳನ್ನು ಕೊಟ್ಟು ಭೂತನಾಥನ ಗುಡಿ ನಿಂತಿದೆ. ಬೆಳಗಿನ ಬಿಸಿಲು ಎದುರಿನ ಬಂಡೆಗಳ ಮೇಲೆ ಬಿದ್ದಾಗ ಅಲ್ಲಿಯ ಮೆಟ್ಟಿಲ ಮೇಲೆ ಕುಳಿತವನಿಗೆ ಎದ್ದು ಬರಲು ಮನಸ್ಸಾಗದು. ಬುತ್ತಿಯ ಗಂಟನ್ನು ಮಾತ್ರ ಮಂಗಗಳ ಕಣ್ಣಿಗೆ ಬೀಳದಂತೆ ಕಾಯ್ದುಕೊಳ್ಳಬೇಕು!

ಕೆರೆಯ ಈಶಾನ್ಯದ ಕಡೆಯ ಬಂಡೆಯೊಂದರಲ್ಲಿ ಕೆಲವೇ ಸಾಲುಗಳ ಬರಹವೊಂದು ಕೊರೆಯಲ್ಪಟ್ಟಿದೆ. ಸುಮಾರು ಕ್ರಿ.ಶ. 700ರ ಕಾಲದ, ಕಪ್ಪೆ ಅರಭಟ್ಟನೆಂಬ ವೀರನನ್ನು ಕೊಂಡಾಡುವ ಶಾಸನವದು. ಒಳ್ಳೆಯವರ ಪಾಲಿಗೆ ಒಳ್ಳೆಯವನು, ಕೇಡು ಬಗೆದವರ ಪಾಲಿಗೆ ಮಣಿಯದ ಗಂಡು ಎಂಬುದು ಅದರ ಭಾವ. ಅವನು ಯಾವ ರಾಜ್ಯವನ್ನಾಳಿದನೆಂದು ಆ ಕಲ್ಲು ಹೇಳುವುದಿಲ್ಲ. ಆದರೆ ಕನ್ನಡಿಗರು ಅದನ್ನು ಮರೆಯಲಾಗದು. ಏಕೆಂದರೆ ಕನ್ನಡದಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯ ತ್ರಿಪದಿಗಳು ಆ ಬಂಡೆಯ ಮೇಲಿವೆ. ಸರ್ವಜ್ಞನು ನುಡಿದದ್ದು ಈ ತ್ರಿಪದಿಯಲ್ಲಿಯೇ. ಉತ್ತರ ಕರ್ನಾಟಕದ ತಾಯಂದಿರು ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕುಳಿತು ತವರನ್ನು ನೆನೆದು ಹಾಡಿದ್ದೂ ಈ ತ್ರಿಪದಿಯಲ್ಲಿಯೇ. ಅಜ್ಜಿಯ ಹಾಡಿಗೂ ಅಜ್ಜಿಯಾದ ಹಾಡನ್ನು ಮೊಮ್ಮಗಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಎಲ್ಲಿದೆ?

ಊರಿನ ತಟ್ಟುಕೋಟೆ ಮಾರುತಿಯ ಗುಡಿಯ ಹಿಂದಿನ ಬಂಡೆಯ ಮೇಲೆ ಇನ್ನೊಂದು ಬರಹವುಂಟು. ಅದು ಸವೆದುಹೋದ ಬರಹ. ಆದರೆ ಅದರ ಕಥೆ ಸವೆದಿಲ್ಲ. ಸುಮಾರು ಕ್ರಿ.ಶ. 642ರಲ್ಲಿ ಕಂಚಿಯ ಪಲ್ಲವ ನರಸಿಂಹವರ್ಮನು ವಾತಾಪಿಯನ್ನು ಗೆದ್ದು ಬರೆಯಿಸಿದ ಶಾಸನವದು. ಅಂದರೆ, ಅದು ಈ ಊರು ಸೋತ ಕಥೆ. ಸೋತವರ ಊರಿನಲ್ಲಿ ಗೆದ್ದವನ ಕಲ್ಲು ಉಳಿದುಬಂದಿದೆ.

ಬೆಟ್ಟದಾಚೆಯ ತಣ್ಣೀರು

ಕಲ್ಲು ಓದಿ ದಣಿದವರಿಗೆ ಬಾದಾಮಿಯ ಆಸುಪಾಸಿನಲ್ಲಿಯೇ ನೀರಿನ ತಾಣಗಳೆರಡುಂಟು. ಬೆಟ್ಟದ ಆಚೆ, ಮರಗಳ ದಟ್ಟ ನೆರಳಿನಲ್ಲಿ ಮಹಾಕೂಟ. ಅಲ್ಲಿಯ ವಿಷ್ಣು ಪುಷ್ಕರಿಣಿಗೆ ಬೆಟ್ಟದ ಒರತೆಯೇ ನೀರು. ಸುತ್ತಲೂ ಚಾಲುಕ್ಯರ ಕಾಲದ ಗುಡಿಗಳು. ನಡುವೆ ಹುಡುಗರ ಈಜಿನ ಗದ್ದಲ. ಚಾಲುಕ್ಯ ದೊರೆ ಮಂಗಲೇಶನು ಅಲ್ಲಿ ನಿಲ್ಲಿಸಿದ್ದ ಶಾಸನಸ್ತಂಭವು ಈಗ ವಿಜಯಪುರದ ಗೋಲಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ. ಕಂಬ ಊರು ಬಿಟ್ಟಿತು, ಒರತೆ ಬಿಟ್ಟಿಲ್ಲ.

ಇನ್ನೊಂದು, ಬಾದಾಮಿಯಿಂದ 5 ಕಿಲೋಮೀಟರಿನ ಬನಶಂಕರಿ. ಗುಡಿಯ ಮುಂದಿನ ಹರಿದ್ರಾತೀರ್ಥದ ಬದಿಗಳಲ್ಲಿ ಕಲ್ಲುಮಂಟಪಗಳ ಸಾಲು. ಪುಷ್ಯಮಾಸದ ಬನದ ಹುಣ್ಣಿಮೆಗೆ ಇಲ್ಲಿ ಜಾತ್ರೆ ನೆರೆಯುತ್ತದೆ. ಅದಕ್ಕೆ ಮುಂಚೆ ದೇವಿಗೆ ನಾನಾ ಬಗೆಯ ಕಾಯಿಪಲ್ಯಗಳನ್ನು ಅರ್ಪಿಸುವ ಪಲ್ಯದ ಹಬ್ಬ. ನಾಟಕ ಕಂಪನಿಗಳು ಡೇರೆ ಹಾಕಿ ರಾತ್ರಿಯಿಡೀ ಆಡುವುದೂ ಆಗಲೇ. ನಾಟಕಕ್ಕೆ ಹಣ ಬೇಕೆಂಬುದು ನಿಜ. ಜಾತ್ರೆಯನ್ನು ನೋಡಲು ಬೇಡ.

ಗೆಲುವಿನ ಕಲ್ಲು

ಬಾದಾಮಿಯಲ್ಲಿ ಸೋಲಿನ ಕಲ್ಲನ್ನು ಕಂಡವರು ಗೆಲುವಿನ ಕಲ್ಲನ್ನೂ ನೋಡಬೇಕಾದರೆ ಹುನಗುಂದದ ಸೀಮೆಯ ಐಹೊಳೆಗೆ ಹೋಗಬೇಕು. ದುರ್ಗ ಗುಡಿಯ ಬೇಲಿಯ ಹೊರಗೆ, ಊರ ಪಕ್ಕದ ಗುಡ್ಡದ ನೆತ್ತಿಯ ಮೇಲೆ ಮೇಗುತಿಯ ಜಿನಾಲಯವಿದೆ. ಅದರ ಗೋಡೆಯಲ್ಲಿ ಶಕವರ್ಷ 556ರ, ಎಂದರೆ ಕ್ರಿ.ಶ. 634ರ, ರವಿಕೀರ್ತಿಯ ಸಂಸ್ಕೃತ ಶಾಸನವಿದೆ. ಇಮ್ಮಡಿ ಪುಲಕೇಶಿಯು ಉತ್ತರಾಪಥದ ಹರ್ಷನನ್ನು ತಡೆದ ಹಿರಿಮೆಯನ್ನು ಅದು ಸಾರುತ್ತದೆ. ಕವಿಗೂ ಹೆಮ್ಮೆ ಕಡಿಮೆಯೇನಲ್ಲ. ಕಾಳಿದಾಸ ಭಾರವಿಗಳ ಕೀರ್ತಿಗೆ ತಾನು ಸಮನೆಂದು ಹೇಳಿಕೊಂಡಿದ್ದಾನೆ. ಆ ಹೆಮ್ಮೆಯಿಂದ ಲೋಕಕ್ಕೆ ಲಾಭವೇ ಆಯಿತು. ಕಾಳಿದಾಸನು ಎಂದಿದ್ದನೆಂದು ವಾದಿಸುವ ಪಂಡಿತರೆಲ್ಲರೂ, 634ಕ್ಕಿಂತ ಮೊದಲೇ ಅವನು ಪ್ರಖ್ಯಾತನಾಗಿದ್ದನೆಂಬುದಕ್ಕೆ ಈ ಗುಡ್ಡವನ್ನೇ ಸಾಕ್ಷಿಗೆ ಕರೆಯಬೇಕಾಗಿದೆ.

ಗೆಲುವಿನ ಕಲ್ಲಿಗೂ ಸೋಲಿನ ಕಲ್ಲಿಗೂ ನಡುವೆ ಎಂಟೇ ವರ್ಷದ ಅಂತರ! ನಸುಕಿನಲ್ಲಿ ಹೊರಟವನು ಎರಡನ್ನೂ ಒಂದೇ ಹಗಲಿನಲ್ಲಿ ಕಂಡು ಬರಬಹುದು. ಅರಸರ ಐಶ್ವರ್ಯ ಎಷ್ಟು ದಿನದ್ದೆಂಬುದನ್ನು ಇನ್ನಾರೂ ಹೇಳಬೇಕಾಗಿಲ್ಲ.

ಮಗ್ಗದ ಸದ್ದು, ಹೊಳೆಯ ಸದ್ದು

ಅದೇ ಸೀಮೆಯ ಇಳಕಲ್ಲಿನಲ್ಲಿ ನೋಡತಕ್ಕದ್ದು ಕಲ್ಲಲ್ಲ, ಕೈ. ನೇಕಾರರ ಓಣಿಯಲ್ಲಿ ಮಗ್ಗದ ಸದ್ದನ್ನು ಹಿಡಿದು ನಡೆದು, ಬಾಗಿಲಲ್ಲಿ ನಿಂತು ವಿನಯದಿಂದ ಕೇಳಿದರೆ, ನೋಡಗೊಡುವವರು ಸಿಗುತ್ತಾರೆ. ಸೀರೆಯ ಒಡಲಿನ ಹಾಸನ್ನೂ ಸೆರಗಿನ ರೇಷ್ಮೆಯ ಹಾಸನ್ನೂ ಬೇರೆಬೇರೆಯಾಗಿ ಮಾಡಿ, ಎಳೆಗೆ ಎಳೆಯನ್ನು ಕೊಂಡಿ ಹಾಕಿ ಜೋಡಿಸುವುದೇ ಇಳಕಲ್ಲಿನ ಹೆಚ್ಚಳ. ಕೆಂಪು ಸೆರಗಿನ ಮೇಲೆ ಬಿಳಿಯ ಗೋಪುರಗಳಂತೆ ಏಳುವ ತೋಪ ತೆನಿಯು ಅದರ ಗುರುತು. ಮದುವೆಯಲ್ಲಿ ಆ ಸೀರೆಯನ್ನುಟ್ಟ ಹೆಣ್ಣುಮಕ್ಕಳು ಆ ಕೊಂಡಿಯನ್ನು ಒಮ್ಮೆ ಕಣ್ಣಾರೆ ಕಂಡರೆ, ಸೀರೆಯ ಬೆಲೆಯನ್ನು ಮತ್ತೆ ಚೌಕಾಸಿ ಮಾಡಲಾರರು.

ಕೃಷ್ಣೆಯೂ ಮಲಪ್ರಭೆಯೂ ಸೇರುವ ಕೂಡಲಸಂಗಮ ಇಲ್ಲಿಂದ ದೂರವಲ್ಲ. ಬಸವಣ್ಣನವರು ಐಕ್ಯರಾದ ಸ್ಥಳವದು. ನಾರಾಯಣಪುರದ ಜಲಾಶಯದ ಹಿನ್ನೀರು ಏರಿದಾಗ ಐಕ್ಯಮಂಟಪವು ಮುಳುಗಬಾರದೆಂದು, ಅದರ ಸುತ್ತ ಬಾವಿಯಂತೆ ಭದ್ರವಾದ ಗೋಡೆಯನ್ನು ಎತ್ತಿದ್ದಾರೆ. ಯಾತ್ರಿಕನು ಮೆಟ್ಟಿಲಿಳಿದು ಕೆಳಗೆ ಹೋಗುತ್ತಾನೆ. ಗೋಡೆಯ ಆಚೆ ಹೊಳೆ, ಈಚೆ ಮೌನ.

ನೀರಿನ ಅಂಚಿನಲ್ಲಿ

ಸಂಗಮದಲ್ಲಿ ಕಟ್ಟಿದ ಗೋಡೆಯನ್ನು ಒಂದಿಡೀ ಊರಿಗೆ ಕಟ್ಟಲಾದೀತೇ? ಬಾಗಲಕೋಟೆಯವರಿಗೆ ಆ ಪ್ರಶ್ನೆಯ ಉತ್ತರ ಗೊತ್ತು. ಆಲಮಟ್ಟಿಯ ಅಣೆಕಟ್ಟಿಗೆ 1964ರಲ್ಲಿ, ಅದೇ ವರ್ಷ ಪ್ರಧಾನಿಯಾದ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟರು. ದಶಕಗಳ ಮೇಲೆ ಅದರ ಹಿನ್ನೀರು ಘಟಪ್ರಭೆಯ ದಡದ ಹಳೆಯ ಊರಿನೊಳಗೆ ಬಂದಿತು. ಓಣಿಗಳು, ಅಂಗಳಗಳು, ಕಟ್ಟೆಗಳು ನೀರಿನ ಪಾಲಾದುವು; ಜನರು ನವನಗರಕ್ಕೆ ಬಂದರು. ಹೊಲಗಳಿಗೆ ನೀರು ಬೇಕಾಗಿತ್ತು, ಸರಿ. ಆದರೆ ಕೊಟ್ಟವರು ಕೊಟ್ಟದ್ದೇನೆಂಬುದನ್ನು ಅವರ ಮೊಮ್ಮಕ್ಕಳಾದರೂ ತಿಳಿಯಬೇಡವೇ?

ಆದ್ದರಿಂದ ಈ ಜಿಲ್ಲೆಯ ಪುಕ್ಕಟೆ ಪ್ರವಾಸಗಳಲ್ಲಿ ಅತ್ಯಂತ ಹತ್ತಿರದ್ದನ್ನೇ ಅತ್ಯಂತ ಅವಸರದಿಂದ ಮಾಡಬೇಕು. ಚಾಲುಕ್ಯರ ಕಲ್ಲುಗಳು ಇನ್ನೂ ನೂರು ವರ್ಷ ಕಾದಾವು. ಹಳೆಯ ಊರನ್ನು ಬಲ್ಲ ಹಿರಿಯರು ಕಾಯಲಾರರು. ಯಾವ ಪೇಟೆಯ ಹಲಗಿಯ ಸದ್ದು ಹೋಳಿಯಲ್ಲಿ ಯಾವ ದಿಕ್ಕಿನಿಂದ ಬರುತ್ತಿತ್ತು, ಮನೆಯ ಬಾಗಿಲು ಎತ್ತ ಮುಖ ಮಾಡಿತ್ತು ಎಂಬುದನ್ನು ನೀರಿನ ಅಂಚಿನಲ್ಲಿ ನಿಂತು ಬೊಟ್ಟು ಮಾಡಿ ತೋರಿಸಲು ಅವರೇ ಬೇಕು.

ಹೊರಡುವವರಿಗೆ ಎರಡು ಮಾತು. ಮಳೆಗಾಲ ಕಳೆದು ಬೇಸಗೆ ಬಲಿಯುವವರೆಗಿನ ತಿಂಗಳುಗಳು ಈ ಸೀಮೆಯ ತಿರುಗಾಟಕ್ಕೆ ಹಿತವಾದುವು. ರಾಜ್ಯದ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳು ಹಣ ಕೊಡಬೇಕಾಗಿಲ್ಲ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯು ಅವರ ಪಾಲಿಗೆ ದಾರಿಯನ್ನೂ ಪುಕ್ಕಟೆ ಮಾಡಿದೆ. ಟಿಕೇಟಿಲ್ಲದ ಕಡೆ ಕಾವಲುಗಾರನೂ ಅಪರೂಪ ಎಂಬುದನ್ನಂತೂ ಮರೆಯಬಾರದು. ಸಾವಿರದ ಮುನ್ನೂರು ವರ್ಷ ಉಳಿದುಬಂದ ಅಕ್ಷರದ ಪಕ್ಕದಲ್ಲಿ ತನ್ನ ಹೆಸರನ್ನು ಗೀಚದೆ ಹಿಂದಿರುಗುವುದೇ ನೋಡಿದವನು ಸಲ್ಲಿಸುವ ಕಾಣಿಕೆ.