ಕೀಲೆಣ್ಣೆ ಮತ್ತು ಕೆಂಪು ದೀಪ

ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಭಾರತ ಹುಣ್ಣಿಮೆಯ ಜಾತ್ರೆಗೆಂದು ಬರುವ ಚಕ್ಕಡಿಗಳನ್ನು ಕಂಡವರಿಗೆ ಕೀಲೆಣ್ಣೆಯ ಮಹಿಮೆಯನ್ನು ಹೇಳಬೇಕಾಗಿಲ್ಲ. ಊರು ಬಿಡುವ ಮುನ್ನ ರೈತನು ಅಚ್ಚಿಗೆ ಎಣ್ಣೆ ಹಚ್ಚಿಯೇ ಎತ್ತು ಹೂಡುತ್ತಾನೆ. ಅದೇ ಜಾತ್ರೆಗೆ ಕಾರಿನಲ್ಲಿ ಹೋದ ನಾನು, ಮೂರು ದಶಕ ಪಾಠ ಹೇಳಿದವನು, ಹೊರಡುವಾಗ ಎಂಜಿನ್ನಿನ ಮುಚ್ಚಳವನ್ನು ಎತ್ತಿ ಸಹ ನೋಡಿರಲಿಲ್ಲ.

ಡೆಂಕನ ಮರಡಿಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ಕಾರ್ಣಿಕ ನುಡಿದ ಮೇಲೆ ಜನಸಾಗರ ಕದಲಿತು. ಬಿಸಿಲು, ಧೂಳು, ಮೈಲುದ್ದದ ವಾಹನಗಳ ಸಾಲು. ಕಾರು ಎತ್ತಿಗಿಂತ ನಿಧಾನವಾಗಿ ತೆವಳುತ್ತಿದ್ದಾಗ ಉಷ್ಣಮಾಪಕದ ಮುಳ್ಳು ಕೆಂಪು ಗೆರೆಯತ್ತ ಏರಿತು. ಪಕ್ಕದ ಚಕ್ಕಡಿಯ ಮುದುಕರೊಬ್ಬರು ಅಂದರು: ‘ಗುರುಗಳ, ನಿಮ್ಮ ಗಾಡಿ ಬುಸುಗುಡಾಕತ್ತೈತಿ. ಒಂದೀಟು ಕೊಳ್ಳ ಹರೀಬಾರದೇನ್ರಿ?’ ನೊಗದಿಂದ ಎತ್ತನ್ನು ಬಿಚ್ಚಿ ವಿಶ್ರಾಂತಿ ಕೊಡುವುದಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಹಡಗಲಿ ಮುಟ್ಟಿದರಾಯಿತೆಂದು ನಾನು ನಕ್ಕು ಮುಂದುವರಿದೆ. ಮುಟ್ಟಲಿಲ್ಲ. ಒಡೆದದ್ದು ಕೆಲವು ನೂರು ರೂಪಾಯಿಯ ರಬ್ಬರು ಕೊಳವೆ. ಅದರ ಹಿಂದೆಯೇ ಹಾಳಾದದ್ದು ಎಂಜಿನ್ನಿನ ತಲೆ. ಅದರ ದುರಸ್ತಿ ನನ್ನ ಒಂದು ತಿಂಗಳ ಪಿಂಚಣಿಯನ್ನು ನುಂಗಿತು.

ಹೀಗೇಕಾಗುತ್ತದೆ? ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪ್ರತಿಯೊಂದು ಪಿಸ್ಟನ್ನು ಸೆಕೆಂಡಿಗೆ 100 ಬಾರಿ ದಿಕ್ಕು ಬದಲಿಸುತ್ತದೆ. ಒಳಗೆ ಉರಿಯುವ ಅನಿಲದ ಉಷ್ಣತೆ 2000 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ. ಅಲ್ಯೂಮಿನಿಯಂ ಕರಗುವುದಾದರೋ 660 ಡಿಗ್ರಿಗೆ. ಲೋಹವು ಕರಗದೆ ಉಳಿಯುವುದು ಸುತ್ತ ಹರಿಯುವ ನೀರಿನ ಕೃಪೆಯಿಂದ. ಲೋಹ ಲೋಹವನ್ನು ತಿನ್ನದಿರುವುದು ನಡುವಿನ ತೆಳ್ಳನೆಯ ಎಣ್ಣೆಯ ಪೊರೆಯಿಂದ. ನೀರು ಸೋರಿದರೆ ತಲೆಭಾಗ ಅಂಕೆ ಮೀರಿ ಹಿಗ್ಗಿ ಸೊಟ್ಟಗಾಗುತ್ತದೆ. ಎಣ್ಣೆ ತೀರಿದರೆ ಬೇರಿಂಗುಗಳು ಸವೆದು ಎಂಜಿನ್ನೇ ಬಿಗಿದು ನಿಲ್ಲುತ್ತದೆ.

ಎಣ್ಣೆಯ ಕೆಂಪು ದೀಪದ ವಿಷಯದಲ್ಲಿ ವಿದ್ಯಾವಂತರಿಗೂ ಭ್ರಮೆಯುಂಟು. ಅದು ‘ಎಣ್ಣೆ ಕಡಿಮೆಯಾಗುತ್ತಿದೆ, ನಾಳೆ ಹಾಕಿಸು’ ಎನ್ನುವ ದೀಪವಲ್ಲ. ಎಣ್ಣೆಯ ಒತ್ತಡವೇ ಕುಸಿದಿದೆ ಎನ್ನುವ ದೀಪ. ಓಡುವಾಗ ಹೊತ್ತಿದರೆ ರಸ್ತೆಯ ಬದಿಗೆ ಸರಿದು ಆ ಕ್ಷಣವೇ ಎಂಜಿನ್ನು ನಿಲ್ಲಿಸಬೇಕು. ಮುಂದಿನ ಊರು ಎರಡೇ ಮೈಲಿಯೆಂಬ ಲೆಕ್ಕ ಇಲ್ಲಿ ನಡೆಯದು.

ದೀಪ ಹೊತ್ತುವವರೆಗೆ ಕಾಯುವುದೇಕೆ? ವಾರಕ್ಕೊಮ್ಮೆ, ಸಮತಟ್ಟಾದ ಜಾಗದಲ್ಲಿ, ಎಂಜಿನ್ನು ನಿಲ್ಲಿಸಿ ಕೆಲವು ನಿಮಿಷಗಳಾದ ಮೇಲೆ ಅಳತೆಯ ಕಡ್ಡಿಯನ್ನೆಳೆದು ಒರೆಸಿ, ಮತ್ತೆ ಅದ್ದಿ ನೋಡಿರಿ. ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು. ಮೇಲಿನ ಗುರುತನ್ನು ಮೀರಿ ಸುರಿಯುವುದೂ ತಪ್ಪೇ; ಎಣ್ಣೆ ಕಡೆದು ನೊರೆಯಾಗುತ್ತದೆ. ಕಪ್ಪಾದ ಮಾತ್ರಕ್ಕೆ ಗಾಬರಿ ಬೇಡ, ಮಸಿಯನ್ನು ತನ್ನೊಳಗೆ ಹಿಡಿದಿಡುವುದು ಅದರ ಕೆಲಸ. ಕೆನೆಗೂಡಿದ ಚಹದ ಬಣ್ಣ ತಾಳಿದರೆ ಮಾತ್ರ ನೀರು ಬೆರೆತಿರುವ ಸಂಶಯವುಂಟು, ಆಗ ಕಾರನ್ನು ಚಾಲೂ ಮಾಡಲೇಬಾರದು.

ನೀರಿನ ಡಬ್ಬಿಯನ್ನು ಎಂಜಿನ್ನು ತಣ್ಣಗಿರುವಾಗಲೇ ನೋಡಬೇಕು. ಕಾದಾಗ ಒಳಗಿನ ನೀರು ಒತ್ತಡದಲ್ಲಿರುತ್ತದೆ. ಮುಚ್ಚಳ ತಿರುವಿದರೆ ಮುಖಕ್ಕೆ ಚಿಮ್ಮುತ್ತದೆ. ನಮ್ಮ ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರನ್ನು ನಿತ್ಯವೂ ತುಂಬಿದರೆ ಹಂಡೆಯ ಒಳಮೈಗೆ ಕಟ್ಟುವಂತಹ ಸುಣ್ಣದ ಹಕ್ಕಳೆ ಅಲ್ಲಿಯೂ ಕಟ್ಟಿ ದಾರಿಗಳನ್ನು ಮುಚ್ಚುತ್ತದೆ. ತಯಾರಕರು ಹೇಳಿದ ಕೂಲೆಂಟನ್ನೇ ಹಾಕುವುದು ಲೇಸು.

ಮುಳ್ಳು ಏರತೊಡಗಿದರೆ ತಂಪುಯಂತ್ರವನ್ನು ಆರಿಸಿ, ಹೀಟರನ್ನು ಪೂರ್ತಿ ತೆರೆಯಿರಿ. ಬೇಸಗೆಯಲ್ಲಿ ಇದು ಹುಚ್ಚೆನಿಸೀತು. ಆದರೆ ಎಂಜಿನ್ನಿನ ಶಾಖದ ಒಂದಂಶ ನಿಮ್ಮ ಮೈಮೇಲೆ ಬಂದು ಅಷ್ಟರಮಟ್ಟಿಗೆ ಅದು ಪಾರಾಗುತ್ತದೆ. ಆದರೂ ಮುಳ್ಳು ಇಳಿಯದಿದ್ದರೆ ನಿಲ್ಲಿಸಿ, ಅರ್ಧ ಗಂಟೆಯಾದರೂ ನೆರಳಿನಲ್ಲಿ ಕುಳಿತಿರಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ, ಲೋಹ ಬಿರಿದೀತು.

ಜಾತ್ರೆಯ ಧೂಳಿನಲ್ಲಿ ಓಡಿಸಿ ಬಂದ ಮೇಲೆ ಗಾಳಿಸೋಸುಕವನ್ನೂ ತೆಗೆದು ನೋಡತಕ್ಕದ್ದು. ನಾನು ತೆಗೆದಾಗ ಅದರ ಮಡಿಕೆಗಳಲ್ಲಿ ಮೈಲಾರದ ಮಣ್ಣಿನ ಜೊತೆಗೆ ಒಂದಿಷ್ಟು ಭಂಡಾರವೂ ಸೇರಿ ಹಳದಿಯಾಗಿತ್ತು.